ಹಾಲು, ಮೊಟ್ಟೆ, ಕಡಲೆಕಾಯಿ ಮೂರೂ ಆಗದ ಮಗುವಿನ ತೂಕ ಏರಿಸಿದ್ದು ಹೇಗೆ?

ಮಗಳಿಗೆ ಎರಡು ವರ್ಷ ಮೂರು ತಿಂಗಳು. ಹಾಲು, ಮೊಟ್ಟೆ, ಕಡಲೆಕಾಯಿ ಅಲರ್ಜಿ ಇದೆ ಅಂತ ಡಾಕ್ಟರ್ ಖಚಿತ ಮಾಡಿದ್ದಾರೆ. ನಾಲ್ಕು ತಿಂಗಳಿಂದ ತೂಕ 9.6 ಕೆಜಿಯಲ್ಲೇ ನಿಂತಿದೆ. ಯಾರನ್ನು ಕೇಳಿದರೂ ಹಾಲು ಕೊಡಿ, ಬೆಣ್ಣೆ ಹಾಕಿ, ಮೊಟ್ಟೆ ತಿನ್ನಿಸಿ ಅಂತಾರೆ. ಅದೇ ಆಗಲ್ಲವಲ್ಲ! ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದ್ದರೆ ಏನು ಮಾಡಿದಿರಿ ಹೇಳಿ.

*

ನನ್ನ ಮಗನಿಗೂ ಹಾಲು, ಮೊಟ್ಟೆ ಆಗ್ತಿರಲಿಲ್ಲ. ಇನ್ನೊಂದು ತುತ್ತು, ಇನ್ನೊಂದು ತುತ್ತು ಅಂತ ತುರುಕಿದ್ದೇ ನಾನು ಮಾಡಿದ ತಪ್ಪು. ಅಷ್ಟು ಸಣ್ಣ ಹೊಟ್ಟೆ ಎಷ್ಟು ಹಿಡಿಸುತ್ತೆ? ಊಟ ಒಂದು ಗಂಟೆ ಎಳೆಯೋದು, ಕೊನೆಗೆ ಇಬ್ಬರೂ ಅಳೋದು. ಡಯಟೀಷಿಯನ್ ಒಂದು ಲೆಕ್ಕ ಹೇಳಿದರು: ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪಿಷ್ಟ, ಪ್ರೋಟೀನಿನಲ್ಲಿ 4. ಅಂದರೆ ಒಂದು ಟೀ ಚಮಚ ಎಣ್ಣೆಗೆ ಸುಮಾರು 40. ಊಟ ಅಷ್ಟೇ ಇರಲಿ, ಅದರೊಳಗೆ ಎಣ್ಣೆ ಸೇರಲಿ ಅಂದರು.

ನಾನೋ ಮೊದಲ ದಿನವೇ ಮೂರು ಚಮಚ ಸುರಿದೆ. ಅನ್ನ ತಟ್ಟೆಯಲ್ಲಿ ತೇಲುತ್ತಿತ್ತು. ಬೆರಳದ್ದಿ ನೋಡಿ, ಆ ಬೆರಳನ್ನ ನನ್ನ ಸೀರೆಗೇ ಒರೆಸಿ, ತಟ್ಟೆ ತಳ್ಳಿದ. ಆಮೇಲೆ ಅರ್ಧ ಚಮಚದಿಂದ ಶುರು ಮಾಡಿ ನಿಧಾನವಾಗಿ ಏರಿಸಿದೆ. ಬಿಸಿ ಅನ್ನಕ್ಕೆ, ಹಿಸುಕಿದ ಆಲೂಗಡ್ಡೆಗೆ, ಬೇಯಿಸಿದ ತರಕಾರಿಗೆ ಚೆನ್ನಾಗಿ ಕಲಸಿದರೆ ಗೊತ್ತೇ ಆಗಲ್ಲ. ಊಟಕ್ಕೆ ಅರ್ಧ ಗಂಟೆ, ತಿಂದಷ್ಟು ತಿನ್ನಲಿ, ಮುಂದಿನದು ಎರಡೂವರೆ ಮೂರು ಗಂಟೆ ಬಿಟ್ಟು. ಮಧ್ಯೆ ಬಿಸ್ಕತ್ತು ಇಲ್ಲ. ಎರಡನೇ ತಿಂಗಳಿಗೆ ತೂಕದ ಮುಳ್ಳು ಅಲ್ಲಾಡಿತು. ಹಾಂ, ತುಪ್ಪ ಬೇಡ. ಅದರಲ್ಲೂ ಹಾಲಿನ ಪ್ರೋಟೀನ್ ಸ್ವಲ್ಪ ಉಳಿದಿರಬಹುದು.

*

ಮೇಕೆ ಹಾಲು ಕೊಟ್ಟು ನೋಡಿ, ಮಕ್ಕಳಿಗೆ ಹಗುರ.

*

ಮೇಲಿನವರು ಒಳ್ಳೇ ಮನಸ್ಸಿಂದಲೇ ಹೇಳಿದ್ದಾರೆ, ಆದರೆ ದಯವಿಟ್ಟು ಕೊಡಬೇಡಿ. ಹಸುವಿನ ಹಾಲಿನ ಅಲರ್ಜಿ ಇರುವ ಬಹುಪಾಲು ಮಕ್ಕಳಿಗೆ ಮೇಕೆ ಹಾಲೂ ಆಗಲ್ಲ, ಎರಡರ ಪ್ರೋಟೀನೂ ಅಷ್ಟು ಹೋಲುತ್ತೆ. ಬಾದಾಮಿ ಹಾಲನ್ನ ನಂಬಿ ನಾವೂ ಕೆಟ್ಟಿದ್ದೀವಿ. ಹೆಸರು ಹಾಲು, ಒಳಗೆ ಬರೀ ನೀರು. ದಿನಕ್ಕೆ ಮೂರು ಲೋಟ ಕುಡಿದು ಹೊಟ್ಟೆ ತುಂಬಿಸಿಕೊಂಡು ಊಟಕ್ಕೆ ಬಾಯೇ ತೆರೀತಿರಲಿಲ್ಲ. ಸೋಯಾ ಒಗ್ಗುತ್ತೆ ಅಂತಾದರೆ ಕ್ಯಾಲ್ಸಿಯಂ ಸೇರಿಸಿರುವ, ಸಕ್ಕರೆ ಇಲ್ಲದ ಸೋಯಾ ಹಾಲು ವಾಸಿ. ಹಾಲಿನ ಅಲರ್ಜಿ ಮಕ್ಕಳಿಗೇ ಅಂತ ಇರುವ ವಿಶೇಷ ಫಾರ್ಮುಲಾ ಬೇಕಾ ಅಂತಲೂ ಡಾಕ್ಟರನ್ನ ಕೇಳಿ.

*

ಎಲ್ಲರಿಗೂ ಥ್ಯಾಂಕ್ಸ್. ಒಂದು ಹೇಳೋದು ಮರೆತೆ. ಮೈಮೇಲೆ ಕೆರೆತ ಜಾಸ್ತಿ ಅಂತ ನಾನೇ ಗೋಧಿಯನ್ನೂ ನಿಲ್ಲಿಸಿದ್ದೀನಿ, ಎರಡು ತಿಂಗಳಾಯ್ತು.

*

ಅಲ್ಲೇ ಇರೋದು ನೋಡಿ ಎಡವಟ್ಟು. ಕೆರೆತಕ್ಕೆಲ್ಲ ಊಟವೇ ಕಾರಣ ಆಗಿರಲ್ಲ, ಎಕ್ಸಿಮಾಗೆ (ಚರ್ಮ ಒಣಗಿ ಕೆರೆಯೋ ತೊಂದರೆ) ಮುಲಾಮು ಸರಿಯಾಗಿ ಹಚ್ಚದಿದ್ದರೂ ಹಾಗೇ. ನನ್ನ ಮಗಳಿಗೆ ರಕ್ತಪರೀಕ್ಷೆಯಲ್ಲಿ ಪಾಸಿಟಿವ್ ಬಂದದ್ದನ್ನೆಲ್ಲ ಬಿಡಿಸಿದ್ದೆ, ಏಳು ಪದಾರ್ಥ! ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ, ತಿಂದಾಗ ಏನಾಗುತ್ತೆ ಅನ್ನೋದೂ ಮುಖ್ಯ ಅಂತ ಆಮೇಲೆ ಗೊತ್ತಾಯ್ತು. ಆಸ್ಪತ್ರೆಯಲ್ಲಿ ಕೂರಿಸಿ ಒಂದೊಂದೇ ತಿನ್ನಿಸಿ ನೋಡಿದರು, ಐದು ವಾಪಸ್ ಬಂದವು. ತೂಕಕ್ಕೆ ಬೇರೆ ಮದ್ದೇ ಬೇಕಾಗಲಿಲ್ಲ. ನೀವು ಮಾತ್ರ ಗೋಧಿಯನ್ನ ಮನೆಯಲ್ಲೇ ಮತ್ತೆ ಶುರು ಮಾಡಬೇಡಿ. ಕೆಲವು ದಿನ ನಿಲ್ಲಿಸಿ ಮತ್ತೆ ಕೊಟ್ಟಾಗ ಜೋರಾಗಿ ರಿಯಾಕ್ಷನ್ ಆಗೋದೂ ಇದೆ. ಮೊದಲು ಕೇಳಿ. ಸೀಲಿಯಾಕ್ (ಗೋಧಿಯಂಥ ಧಾನ್ಯದಿಂದ ಕರುಳಿಗೆ ಹಾನಿಯಾಗೋ ಕಾಯಿಲೆ) ಅನುಮಾನ ಇದ್ದರೆ ಅದರ ಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು, ಅದನ್ನೂ ತಿಳಿಸಿ.

*

ಅಪ್ಪಂದಿರ ಕಡೆಯಿಂದ ಒಂದು ಮಾತು. ನಮ್ಮವನು ಪ್ರತಿ ತುತ್ತಿಗೂ ನೀರು ಕುಡಿಯೋನು, ಗಟ್ಟಿ ಪದಾರ್ಥ ಕೆನ್ನೆಯಲ್ಲೇ ಇಟ್ಟುಕೊಂಡು ಕೂರೋನು. ಹಟ ಅಂತ ಗದರಿದ್ದೀನಿ, ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದಲ್ಲಿ ಅಲರ್ಜಿಯ ಉರಿಯೂತ. ನಿಮ್ಮ ಮಗಳಲ್ಲಿ ಹೀಗೇನಾದರೂ ಕಾಣುತ್ತಾ?

*

ಇಲ್ಲ ಸರ್, ನುಂಗೋಕೆ ಕಷ್ಟ ಇಲ್ಲ. ಗೋಧಿ ವಿಷಯಕ್ಕೆ ನಾಡಿದ್ದು ಡಾಕ್ಟರ್ ಹತ್ತಿರ ಹೋಗ್ತಿದ್ದೀವಿ. ನಿನ್ನೆ ರಾತ್ರಿ ಆಲೂಗಡ್ಡೆಗೆ ಅರ್ಧ ಚಮಚ ಎಣ್ಣೆ ಕಲಸಿದ್ದೆ. ತಟ್ಟೆ ಎಂದಿನಂತೆ ನೆಲಕ್ಕೆ ಬಿತ್ತು, ಆದರೆ ಖಾಲಿ ಆದಮೇಲೆ.