ಅಪ್‌ಡೇಟ್: ಮಣಿಕಟ್ಟಿಗೆ ಕೃತಕ ಕೀಲೋ, ಫ್ಯೂಷನ್ನೋ?

ರುಮಟಾಯ್ಡ್ ಸಂಧಿವಾತದಿಂದ ಸವೆದ ಮಣಿಕಟ್ಟಿಗೆ ಕೃತಕ ಕೀಲು ಹಾಕಿದರೆ ಫಲ ಹೇಗಿರುತ್ತದೆ, ಅಥವಾ ಫ್ಯೂಷನ್ (ಮಣಿಕಟ್ಟಿನ ಮೂಳೆಗಳನ್ನು ಬಾಗದಂತೆ ಒಂದಾಗಿ ಬೆಸೆಯುವುದು) ಮೇಲೋ ಎಂದು ಕೇಳಿದ್ದೆ. ತಿಳಿದುಬಂದದ್ದು ಇಲ್ಲಿದೆ.

ಹೆಚ್ಚಿನವರಿಗೆ ನೋವು ಚೆನ್ನಾಗಿ ಇಳಿಯುತ್ತದೆ. ಚಲನೆ ಮಾತ್ರ ಬಹುತೇಕ ಮೊದಲಿದ್ದಷ್ಟೇ. ನಿರಾಶೆ ಬೇಡ: ದಿನದ ಬಹುಪಾಲು ಕೆಲಸಕ್ಕೆ ಅಂಗೈ ಕಡೆಗೆ 5 ಡಿಗ್ರಿ, ಹಿಂದಕ್ಕೆ 30 ಡಿಗ್ರಿ ಬಾಗಿದರೆ ಸಾಕು.

ಕೃತಕ ಕೀಲಿನಲ್ಲಿ ಸಡಿಲವಾಗುವುದು ಸಾಮಾನ್ಯವಾಗಿ ರೇಡಿಯಸ್ (ಮುಂಗೈಯ ಹೆಬ್ಬೆರಳ ಬದಿಯ) ಮೂಳೆಗೆ ಕೂರಿಸಿದ ಭಾಗವಲ್ಲ, ಅಂಗೈ ಕಡೆಯದು. ಅಲ್ಲಿನ ಪುಟ್ಟ ಕಾರ್ಪಲ್ ಮೂಳೆಗಳಲ್ಲಿ ಕೀಲನ್ನು ಹಿಡಿದಿಡುವ ಸ್ಕ್ರೂಗೆ ಹಿಡಿತ ಕಡಿಮೆ. ಜೊತೆಗೆ ಕೃತಕ ಕೀಲಿನಿಂದ ಸವೆದು ಬಂದ ಪಾಲಿಎಥಿಲೀನ್ (ಪ್ಲಾಸ್ಟಿಕ್) ಕಣಗಳಿಂದ ಸುತ್ತಲ ಮೂಳೆ ಕರಗುತ್ತದೆ. ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಕಪ್ಪು ಗೆರೆ ಕಂಡ ಮಾತ್ರಕ್ಕೆ ಸಡಿಲವಾಗಿದೆ ಎಂದಲ್ಲ. ಗೆರೆ ಅಗಲವಾಗುತ್ತಿದೆಯೇ, ಇಂಪ್ಲಾಂಟ್ (ಒಳಗೆ ಹಾಕಿದ ಕೃತಕ ಕೀಲು) ಕುಸಿಯುತ್ತಿದೆಯೇ ಎಂದು ಹಳೆಯ ಎಕ್ಸ್‌ರೇ ಜೊತೆ ಹೋಲಿಸಬೇಕು. ಹಾಗಾಗಿ ಆಪರೇಷನ್ ಆದ ಕೂಡಲೇ ತೆಗೆದ ಎಕ್ಸ್‌ರೇಯನ್ನು ಜೋಪಾನವಾಗಿಡಿ.

ಭಾರ ಎತ್ತುವ ಮಿತಿ ಜೀವನಪರ್ಯಂತ. ಸಾಮಾನ್ಯವಾಗಿ 4–5 ಕಿಲೋ ಒಳಗೆ. ಕುರ್ಚಿಯಿಂದ ಏಳುವಾಗ ಅಂಗೈ ಊರುವುದೂ ಭಾರವೇ, ಇದನ್ನು ಅನೇಕರು ಮರೆಯುತ್ತಾರೆ. ಊರುಗೋಲು ಬಳಸುವವರಿಗೆ, ಮಣಿಕಟ್ಟನ್ನು ಹಿಂದಕ್ಕೆತ್ತುವ ಸ್ನಾಯುರಜ್ಜುಗಳು ಹರಿದವರಿಗೆ ಫ್ಯೂಷನ್ನೇ ಮೇಲು.

ಕೀಲು ವಿಫಲವಾದರೂ ಆಮೇಲೆ ಫ್ಯೂಷನ್ ಸಾಧ್ಯ, ಆದರೆ ಕಳೆದುಹೋದ ಮೂಳೆಯ ಜಾಗಕ್ಕೆ ಸೊಂಟದ ಮೂಳೆ ತೆಗೆದು ತುಂಬಬೇಕಾಗಬಹುದು. ಅಂದಹಾಗೆ, ಫ್ಯೂಷನ್ ಆದರೆ ಅಂಗೈಯನ್ನು ಮೇಲೆ-ಕೆಳಗೆ ಮಗುಚಲು ಆಗುವುದಿಲ್ಲ ಎಂಬುದು ತಪ್ಪು ಕಲ್ಪನೆ; ಆ ತಿರುವು ಮುಂಗೈಯ ಎರಡು ಮೂಳೆಗಳ ನಡುವಿನದು.