ಬ್ಲಾಕಿಂಗ್ ಪೆಪ್ಟೈಡ್ ಹಾಕಿದರೆ ಎರಡೂ ಬ್ಯಾಂಡ್ ಮಾಯ, ಹಾಗಾದರೆ ಎರಡೂ ಎಎಲ್‌ಡಿಎಚ್2 ಏನು?

ಲಿವರ್_ಹುಡುಗಿ
ಎಲ್ಲರಿಗೂ ನಮಸ್ಕಾರ. ಇಲಿಯ ಲಿವರ್‌ನಲ್ಲಿ ಎಎಲ್‌ಡಿಎಚ್2 (ಆಲ್ಡಿಹೈಡ್ ಒಡೆಯುವ, ಮೈಟೋಕಾಂಡ್ರಿಯಾದ ಒಂದು ಕಿಣ್ವ) ನೋಡುತ್ತಿದ್ದೇನೆ. ಅದರದೇ ಒಂದು ಸಣ್ಣ ತುಣುಕು (ಪೆಪ್ಟೈಡ್) ಕೊಟ್ಟು ಮೊಲದಲ್ಲಿ ಬೆಳೆಸಿದ ಪಾಲಿಕ್ಲೋನಲ್ ಆಂಟಿಬಾಡಿ. ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮೈಟೋಕಾಂಡ್ರಿಯಾ ಭಾಗಕ್ಕೆ 55 ಕಿಲೋಡಾಲ್ಟನ್ ಹತ್ತಿರ ದಪ್ಪ ಬ್ಯಾಂಡ್ ಬಂತು. ಸೈಟೋಸಾಲ್‌ನಲ್ಲೂ (ಮೈಟೋಕಾಂಡ್ರಿಯಾದ ಹೊರಗಿನ ಜೀವಕೋಶದ ದ್ರವ) ಅದೇ ಎತ್ತರಕ್ಕೆ ತೆಳುವಾಗಿ ಒಂದು ಗೆರೆ ಇದೆ. ಬ್ಲಾಕಿಂಗ್ ಪೆಪ್ಟೈಡ್ (ಆಂಟಿಬಾಡಿ ಬೆಳೆಸಲು ಕೊಟ್ಟ ಅದೇ ಪೆಪ್ಟೈಡ್) ತೂಕದಲ್ಲಿ 5 ಪಟ್ಟು ಬೆರೆಸಿದ ಆಂಟಿಬಾಡಿ ಹಾಕಿದರೆ ಎರಡೂ ಮಾಯ. ಹಾಗಾದರೆ ಎರಡೂ ಎಎಲ್‌ಡಿಎಚ್2 ಅಂತ ಬರೆಯಬಹುದು ಅಲ್ವಾ?

ಹಳೇ_ಬ್ಲಾಟ್
ದಯವಿಟ್ಟು ಈಗಲೇ ಬರೆಯಬೇಡಿ. ಪೆಪ್ಟೈಡ್ ಆಂಟಿಬಾಡಿಯ ಹಿಡಿಯುವ ಜಾಗವನ್ನೇ ಮುಚ್ಚಿಬಿಡುತ್ತದೆ. ಆಮೇಲೆ ಅದು ಸರಿಯಾದ ಪ್ರೋಟೀನನ್ನೂ ಹಿಡಿಯಲ್ಲ, ತಪ್ಪಾಗಿ ಹಿಡಿಯುತ್ತಿದ್ದುದನ್ನೂ ಹಿಡಿಯಲ್ಲ. ಸೆಕೆಂಡರಿ ಆಂಟಿಬಾಡಿ (ಮೊದಲ ಆಂಟಿಬಾಡಿಯನ್ನು ಗುರುತಿಸಲು ಹಾಕುವ ಎರಡನೆಯದು) ಸುಮ್ನೆ ಅಂಟಿಕೊಂಡು ಬಂದ ಬ್ಯಾಂಡ್ ಆಗಿದ್ದರೆ ಪೆಪ್ಟೈಡ್ ಹಾಕಿದರೂ ಉಳಿಯುತ್ತಿತ್ತು. ಆ ಅನುಮಾನ ಕಳೆಯಿತು, ಅಷ್ಟು ಲಾಭ.

ಸೈಟೋಸಾಲ್‌ನಲ್ಲಿ ಅದೇ ಕುಟುಂಬದ ಎಎಲ್‌ಡಿಎಚ್1ಎ1 ಇದೆ. ಗಾತ್ರ ಹೆಚ್ಚುಕಡಿಮೆ ಅದೇ 55, ಅಮೈನೋ ಆಸಿಡ್ ಸಾಲೂ ತುಂಬಾ ಹೋಲುತ್ತದೆ. ನಿಮ್ಮ ಪೆಪ್ಟೈಡ್‌ನ ಸಾಲನ್ನು ಕಂಪನಿಯಿಂದ ಕೇಳಿ ತೆಗೆದುಕೊಂಡು ಎಎಲ್‌ಡಿಎಚ್1ಎ1 ಪಕ್ಕ ಇಟ್ಟು ನೋಡಿ. ಎಎಲ್‌ಡಿಎಚ್1ಬಿ1 ಜೊತೆಗೂ ನೋಡಿ, ಅದು ಮೈಟೋಕಾಂಡ್ರಿಯಾದಲ್ಲೇ ಇರುವ ನೆಂಟ.

ಇನ್ನೊಂದು ಮಾತು. ತೂಕದಲ್ಲಿ 5 ಪಟ್ಟು ಅಂದರೆ ಸಣ್ಣದು ಅನ್ನಿಸುತ್ತದೆ. ಪೆಪ್ಟೈಡ್ 2 ಕಿಲೋಡಾಲ್ಟನ್, ಆಂಟಿಬಾಡಿ 150. ಅಣುಗಳ ಲೆಕ್ಕದಲ್ಲಿ ಒಂದು ಆಂಟಿಬಾಡಿಗೆ 300ಕ್ಕೂ ಜಾಸ್ತಿ ಪೆಪ್ಟೈಡ್ ಆಯಿತು. ಸಂಬಂಧವೇ ಇಲ್ಲದ ಬೇರೆ ಪೆಪ್ಟೈಡನ್ನೂ ಅಷ್ಟೇ ಹಾಕಿ ಒಂದು ಬ್ಲಾಟ್ ಮಾಡಿ. ಅದರಲ್ಲಿ ಬ್ಯಾಂಡ್ ಹಾಗೇ ನಿಲ್ಲಬೇಕು.

ಲಿವರ್_ಹುಡುಗಿ
ತುಂಬಾ ಥ್ಯಾಂಕ್ಸ್ ಸರ್. ಮೈಟೋಕಾಂಡ್ರಿಯಾ ಒಡೆದು ಸೋರಿರಬಹುದಾ ಅಂತಲೂ ಯೋಚಿಸಿದ್ದೆ. ಆದರೆ ಸೈಟೋಸಾಲ್ ಲೇನಿನಲ್ಲಿ ಮೈಟೋಕಾಂಡ್ರಿಯಾದ ಗುರುತಿನ ಪ್ರೋಟೀನ್ ವಿಡಿಎಸಿ ಸ್ವಲ್ಪವೂ ಇಲ್ಲ.

ಹಳೇ_ಬ್ಲಾಟ್
ವಿಡಿಎಸಿ ಹೊರಪೊರೆಯಲ್ಲಿ ಕೂತಿರುವ ಪ್ರೋಟೀನ್. ಮೈಟೋಕಾಂಡ್ರಿಯಾ ಒಡೆದರೂ ಅದು ಪೊರೆಯ ಜೊತೆ ಪೆಲೆಟ್‌ಗೇ (ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದಾಗ ತಳಕ್ಕೆ ಕೂರುವ ಭಾಗ) ಹೋಗುತ್ತದೆ. ಎಎಲ್‌ಡಿಎಚ್2 ಇರುವುದು ಒಳಗಿನ ಮ್ಯಾಟ್ರಿಕ್ಸ್‌ನಲ್ಲಿ, ಸೋರಿದರೆ ನೇರ ಸೈಟೋಸಾಲ್‌ಗೇ ಬರುತ್ತದೆ. ಅದಕ್ಕೆ ಸಿಟ್ರೇಟ್ ಸಿಂಥೇಸ್ ನೋಡಿ, ಅದೂ ಮ್ಯಾಟ್ರಿಕ್ಸಿನದೇ. ಲಿವರ್ ಫ್ರೀಜ್ ಮಾಡಿದ್ದಾ, ತಾಜಾದ್ದಾ? ಫ್ರೀಜ್ ಮಾಡಿದ್ದಾದರೆ ಸೋರಿಕೆ ಸಾಮಾನ್ಯ.

ಜೀನ್_ಗೆಳೆಯ
ಎಎಲ್‌ಡಿಎಚ್2 ನಾಕೌಟ್ ಇಲಿಗಳಿವೆ (ಆ ಜೀನನ್ನೇ ಕೆಡಿಸಿದವು) ಮೇಡಂ. ಯಾರಾದರೂ ಸಹೋದ್ಯೋಗಿಗಳ ಹತ್ತಿರ ಆ ಲಿವರ್ ಲೈಸೇಟ್ (ಕೋಶ ಒಡೆದು ತೆಗೆದ ರಸ) ಸ್ವಲ್ಪ ಸಿಕ್ಕರೆ ಪಕ್ಕದ ಲೇನಿಗೆ ಹಾಕಿ. ಅದರಲ್ಲೂ 55ಕ್ಕೆ ಗೆರೆ ಬಂದರೆ ಅದು ಬೇರೆ ಪ್ರೋಟೀನೇ. ಪೆಪ್ಟೈಡ್ ಬ್ಲಾಟ್ ಬಿಸಾಡಬೇಡಿ, ಇದರ ಜೊತೆಗೆ ಸಪ್ಲಿಮೆಂಟರಿಯಲ್ಲಿ ತೋರಿಸಿ.