ದೇವರನ್ನು ಬಿಟ್ಟವರಿಗೂ ಭಕ್ತರು ಬೇಕೇ? ಹೆಸರಾಂತ ನಾಸ್ತಿಕರ ಪ್ರಭಾವವನ್ನು ಅಳೆಯುವುದು ಹೇಗೆ?

ಗೌರಿಬಿದನೂರು ಓದುಗ:

ನಮ್ಮ ಓದುಗರ ಬಳಗದ ಮುಂದಿನ ಚರ್ಚೆಗೆ ಈ ವಿಷಯ ಗೊತ್ತುಮಾಡಿದ್ದೇವೆ. ಕಾಲೇಜು ಹುಡುಗರು ಡಾಕಿನ್ಸ್, ಹಿಚೆನ್ಸ್, ಸ್ಯಾಮ್ ಹ್ಯಾರಿಸ್ ಎಂಬ ಪಾಶ್ಚಾತ್ಯ ನಾಸ್ತಿಕ ಲೇಖಕರ ವಿಡಿಯೊ ತುಣುಕುಗಳನ್ನು ದಿನವೂ ವಾಟ್ಸಾಪ್‌ಗೆ ಹಾಕುತ್ತಾರೆ. ಅದರಲ್ಲಿ ಒಂದು ತಪ್ಪು ತೋರಿಸಿದರೂ ಮೈಮೇಲೆ ಬೀಳುತ್ತಾರೆ. ಪ್ರವಚನ ಹಂಚುವವರಿಗೂ ಇವರಿಗೂ ಏನು ವ್ಯತ್ಯಾಸ ಅಂತ ಹಿರಿಯರು ಕೇಳುತ್ತಿದ್ದಾರೆ. ಜೊತೆಗೆ, "ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಸಿಗುತ್ತಿದೆ, ನಾಸ್ತಿಕರು ಏನು ಕೊಟ್ಟಿದ್ದಾರೆ?" ಅನ್ನುವ ಮಾತು ಬಂದೇ ಬರುತ್ತದೆ. ಈ ಜನಕ್ಕೆ ಸಿಕ್ಕಿರುವ ಮನ್ನಣೆ ತಕ್ಕದ್ದೇ? ಅದನ್ನು ತೂಗುವುದು ಹೇಗೆ? ಚರ್ಚೆಯ ಜೊತೆ ಪವಾಡ ಬಯಲು ಮಾಡುವ ಪ್ರಾತ್ಯಕ್ಷಿಕೆ ಇಟ್ಟುಕೊಂಡರೆ ಹೇಗೆ?

ಬಾಗೇಪಲ್ಲಿ ಭೌತಶಾಸ್ತ್ರ:

ಡಾಕಿನ್ಸ್ ಅವರ ಆಕ್ಸ್‌ಫರ್ಡ್‌ವರೆಗೆ ಹೋಗುವುದು ಆಮೇಲೆ ಸರ್, ನಿಮ್ಮ ತಾಲ್ಲೂಕಿನ ಹೊಸೂರಿನಿಂದಲೇ ಶುರು ಮಾಡಿ. ಎಚ್. ನರಸಿಂಹಯ್ಯನವರು 1920ರಲ್ಲಿ ಹುಟ್ಟಿದ ಊರು ಅದು. ಓಹಿಯೊ ರಾಜ್ಯ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದವರು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಬಾಳಿದರು. ನಾಸ್ತಿಕ ಅನ್ನುವುದಕ್ಕಿಂತ ವಿಚಾರವಾದಿ ಅನ್ನುವ ಹೆಸರೇ ಅವರಿಗೆ ಒಪ್ಪುತ್ತದೆ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಅವರು ರಚಿಸಿದ ಸಮಿತಿಯ ಹೆಸರನ್ನು ಹುಡುಗರ ಕೈಲಿ ಗಟ್ಟಿಯಾಗಿ ಓದಿಸಿ: ಪವಾಡಗಳು ಮತ್ತು "ಪರೀಕ್ಷಿಸಬಹುದಾದ" ಇತರ ಮೂಢನಂಬಿಕೆಗಳ ತನಿಖಾ ಸಮಿತಿ. ಆ ಒಂದು ಪದದಲ್ಲಿ ಅವರ ಶಿಸ್ತೆಲ್ಲ ಇದೆ. ದೇವರು ಇದ್ದಾನೋ ಇಲ್ಲವೋ ಎಂಬುದಕ್ಕೆ ಸಮಿತಿ ಕೈಹಾಕಲಿಲ್ಲ, ಕಣ್ಣೆದುರು ನಡೆಯುತ್ತದೆ ಎಂದು ಹೇಳಿಕೊಳ್ಳುವುದನ್ನಷ್ಟೇ ಪರೀಕ್ಷೆಗೆ ಕರೆಯಿತು. ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೆ ಮೂರು ಪತ್ರ ಹೋದವು, ಉತ್ತರ ಬರಲಿಲ್ಲ. ಗಾಳಿಯಿಂದ ಬರಿಸುವ ಉಂಗುರದ ಬದಲು ಕುಂಬಳಕಾಯಿ ಬರಿಸಲಿ ಎಂದು ಕೇಳಿದ್ದನ್ನು ಅನೇಕರು ಲೇವಡಿ ಅಂದುಕೊಂಡಿದ್ದಾರೆ. ಅಲ್ಲ. ಉಂಗುರ, ಚಿಟಿಕೆ ಬೂದಿ ಬೆರಳ ಸಂದಿಯಲ್ಲೋ ತೋಳಿನಲ್ಲೋ ಅಡಗುತ್ತವೆ, ಕುಂಬಳಕಾಯಿ ಅಡಗುವುದಿಲ್ಲ. ವಸ್ತುವಿನ ಗಾತ್ರವೊಂದನ್ನು ಬದಲಿಸಿದರೆ ಒಂದು ಅನುಮಾನ ಪೂರ್ತಿ ಕಳೆಯುತ್ತದೆ. ಇದು ಪ್ರಯೋಗ ಕಟ್ಟುವ ಕಲೆ.

ಕುಲಪತಿಯ ಕುರ್ಚಿಯಲ್ಲಿ ಕೂತು ಒಬ್ಬ ವ್ಯಕ್ತಿಗೆ ಹೀಗೆ ಸವಾಲು ಹಾಕಬಹುದೇ ಎಂಬ ಆಕ್ಷೇಪಕ್ಕೆ ಜಾಗ ಇದೆ. ಅದನ್ನೂ ಸಭೆಯಲ್ಲಿ ಎತ್ತಿ, ಮುಚ್ಚಿಡಬೇಡಿ.

ಮಧುಗಿರಿ ಗ್ರಂಥಾಲಯ:

ಒಬ್ಬ ಮನುಷ್ಯನನ್ನು ಇಡಿಯಾಗಿ "ಅರ್ಹ", "ಅನರ್ಹ" ಅಂತ ತೂಗಲು ಹೋದರೆ ಚರ್ಚೆ ಜಗಳದಲ್ಲಿ ಮುಗಿಯುತ್ತದೆ. ಮಾತು ಮಾತಾಗಿ ಬಿಡಿಸಿ. ಹುಡುಗರು ಹಂಚಿದ ತುಣುಕುಗಳಲ್ಲಿ ಮೂರನ್ನು ಆರಿಸಿ, ಒಂದೊಂದೂ ಐದು ನಿಮಿಷ ಮೀರದಿರಲಿ. ಬೋರ್ಡಿನ ಮೇಲೆ ಮೂರು ಅಂಕಣ ಎಳೆಯಿರಿ: ಹೇಳಿದ ಮಾತು, ಅದಕ್ಕೆ ಕೊಟ್ಟ ಆಧಾರ, ಆ ವಿಷಯದಲ್ಲಿ ಹೇಳಿದವರ ಅಭ್ಯಾಸ. ಎರಡನೆಯ ಅಂಕಣ ಖಾಲಿ ಉಳಿದು ಚಪ್ಪಾಳೆ ಮಾತ್ರ ಕೇಳಿಸುತ್ತಿದ್ದರೆ, ಅದು ವಾದವಲ್ಲ, ಮಾತಿನ ವರಸೆ.

ಡಾಕಿನ್ಸ್ ಪ್ರಾಣಿವಿಜ್ಞಾನಿ. ವಿಕಾಸವಾದವನ್ನು ಸಾಮಾನ್ಯ ಓದುಗನಿಗೆ ತಿಳಿಸುವುದರಲ್ಲಿ ಅವರಿಗೆ ಸಿಕ್ಕ ಗೌರವ ದುಡಿದು ಗಳಿಸಿದ್ದು. ಅದೇ ಗೌರವವನ್ನು ಸಮಾಜ, ರಾಜಕೀಯ, ಲಿಂಗತ್ವದ ಬಗ್ಗೆ ಅವರು ಆಡುವ ಮಾತಿಗೂ ಕೊಡಬೇಕಾಗಿಲ್ಲ. ಇಂಥ ಮಾತುಗಳ ಕಾರಣಕ್ಕೇ, 1996ರಲ್ಲಿ ತಾನೇ ಕೊಟ್ಟ ಪ್ರಶಸ್ತಿಯನ್ನು ಅಮೆರಿಕದ ಮಾನವತಾವಾದಿ ಸಂಘ 2021ರಲ್ಲಿ ಹಿಂತೆಗೆದುಕೊಂಡಿತು. ಆ ನಿರ್ಧಾರ ಸರಿಯೋ ತಪ್ಪೋ, ಪೀಠದಿಂದ ಇಳಿಸುವ ಅಭ್ಯಾಸ ಆ ಬಳಗದಲ್ಲಿ ಇದೆ ಎಂಬುದಂತೂ ಕಾಣುತ್ತದೆ.

ಹಿಚೆನ್ಸ್ ವಿಚಾರ ಇನ್ನೂ ತೊಡಕಿನದು. 2003ರ ಇರಾಕ್ ಯುದ್ಧವನ್ನು ಬೆಂಬಲಿಸಿದರು, ಆ ನಿಲುವನ್ನು ಬಿಟ್ಟುಕೊಡಲೇ ಇಲ್ಲ. ಆದರೆ ಕೈದಿಯ ಮುಖಕ್ಕೆ ಬಟ್ಟೆ ಹೊದಿಸಿ ನೀರು ಸುರಿಯುವ ವಿಚಾರಣಾ ಪದ್ಧತಿಯನ್ನು 2008ರಲ್ಲಿ ತಮ್ಮ ಮೇಲೇ ಮಾಡಿಸಿಕೊಂಡು, ಕೆಲವೇ ಕ್ಷಣಗಳಲ್ಲಿ ನಿಲ್ಲಿಸಲು ಸನ್ನೆ ಮಾಡಿ, ಇದು ಚಿತ್ರಹಿಂಸೆಯೇ ಎಂದು ಬರೆದರು. ಒಬ್ಬನೇ ಮನುಷ್ಯನಲ್ಲಿ ಎರಡೂ ಇವೆ. ಎರಡನ್ನೂ ಹೇಳಲಾರದವನು ಓದುಗನಲ್ಲ, ಭಕ್ತ.

ತಮಿಳುನಾಡಿನ ನಾಸ್ತಿಕ ನಾಯಕ ಪೆರಿಯಾರ್ ಅವರನ್ನೂ ಇದೇ ಬೋರ್ಡಿಗೆ ತನ್ನಿ. 1949ರಲ್ಲಿ ಅವರು ತಮಗಿಂತ ನಾಲ್ಕು ದಶಕ ಕಿರಿಯರಾದ ಮಣಿಯಮ್ಮೈ ಅವರನ್ನು ಮದುವೆಯಾದಾಗ ಅವರ ಶಿಷ್ಯ ಅಣ್ಣಾದುರೈ ಮತ್ತು ಸಂಗಡಿಗರು ಅದನ್ನು ಖಂಡಿಸಿ ಹೊರಬಂದು ಡಿಎಂಕೆ ಕಟ್ಟಿದರು. ಆದರೂ ಪೆರಿಯಾರ್ ಕಲಿಸಿದ್ದನ್ನು ಎಸೆಯಲಿಲ್ಲ. ನಾಯಕನನ್ನು ಬಿಟ್ಟು ವಿಚಾರ ಉಳಿಸಿಕೊಳ್ಳುವುದು ಸಾಧ್ಯ ಎನ್ನುವುದಕ್ಕೆ ನಮ್ಮ ನೆರೆಯಲ್ಲೇ ಸಿಗುವ ನಿದರ್ಶನ ಇದು.

ಪಾವಗಡ ಪಯಣಿಗ:

ಮೇಲಿನ ಮಾತುಗಳು ಸರಿ, ಆದರೆ ಅಭಿಮಾನವನ್ನೇ ರೋಗ ಅಂದುಬಿಡಬೇಡಿ. ಹಳ್ಳಿಯಲ್ಲಿ ದೇವರ ಕಾರ್ಯಕ್ಕೆ ವಂತಿಗೆ ಕೊಡುವುದಿಲ್ಲ ಅನ್ನುವ ಒಬ್ಬ ಹುಡುಗನಿಗೆ, ನನ್ನ ಹಾಗೆ ಯೋಚಿಸುವ ದೊಡ್ಡವರೂ ಇದ್ದಾರೆ ಅನ್ನುವುದೇ ದೊಡ್ಡ ಆಸರೆ. ಅಂಥ ದೊಡ್ಡವರು ತೆತ್ತ ಬೆಲೆಯೂ ಸಣ್ಣದಲ್ಲ. ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರು ವರ್ಷಗಟ್ಟಲೆ ಕೇಳಿದ್ದ ಮೂಢನಂಬಿಕೆ ವಿರೋಧಿ ಕಾನೂನು ಮಹಾರಾಷ್ಟ್ರದಲ್ಲಿ ಸುಗ್ರೀವಾಜ್ಞೆಯಾಗಿ ಬಂದದ್ದು ಆ ಕೊಲೆಯ ನಂತರ. ನಮ್ಮಲ್ಲಿ ಅಂಥ ಕಾಯ್ದೆ 2017ರದು, ಜಾರಿಗೆ ಬಂದದ್ದು 2020ರಲ್ಲಿ.

ಸಿದ್ಧಗಂಗೆಯ ಪ್ರಶ್ನೆಗೆ ಅಡ್ಡದಾರಿಯ ಉತ್ತರ ಬೇಡ. ಆ ದಾಸೋಹ ದೊಡ್ಡದು, ದೊಡ್ಡದು ಅಂತಲೇ ಹೇಳಿ. ಆಮೇಲೆ ಗೋರಾ ಅವರನ್ನು ಪರಿಚಯಿಸಿ. ಗೋಪರಾಜು ರಾಮಚಂದ್ರರಾವ್, ಆಂಧ್ರದವರು. ನಾಸ್ತಿಕರೆಂಬ ಕಾರಣಕ್ಕೆ ಅಧ್ಯಾಪಕನ ಕೆಲಸ ಕಳೆದುಕೊಂಡರು. 1940ರಲ್ಲಿ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ತೆರೆದರು, 1947ರಲ್ಲಿ ಅದು ವಿಜಯವಾಡಕ್ಕೆ ಬಂತು. ಹಿರಿಯ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ ಗಾಂಧೀಜಿ ತಾವೇ ನಡೆಸಿಕೊಡಲು ಒಪ್ಪಿದ್ದರು. ಅವರ ಹತ್ಯೆಯಾದ ಮೇಲೆ, 1948ರ ಮಾರ್ಚ್‌ನಲ್ಲಿ, ಸೇವಾಗ್ರಾಮದಲ್ಲಿ ಆ ಮದುವೆ ನಡೆಯಿತು. ಇಂಥವರ ವಿಡಿಯೊ ಯಾರ ಫೋನಿನಲ್ಲೂ ಓಡಾಡುವುದಿಲ್ಲ. ನನ್ನ ದೂರು ಇಷ್ಟೇ: ಪ್ರಭಾವ ಯಾರಿಗೆ ಸಲ್ಲಬೇಕಿತ್ತೋ ಅವರಿಗೆ ಸಂದಿಲ್ಲ.

ಚಿಂತಾಮಣಿ ರಸಾಯನ:

ಪ್ರಾತ್ಯಕ್ಷಿಕೆ ಇಡಿ, ಆದರೆ ಬೆಂಕಿಯದು ಬೇಡ. ಪೊಟ್ಯಾಸಿಯಂ ಪರ್ಮಾಂಗನೇಟ್ ಪುಡಿಯ ಮೇಲೆ ಗ್ಲಿಸರಿನ್ ಸುರಿದು "ಮಂತ್ರದಿಂದ ಹೋಮ ಹೊತ್ತಿಸುವುದು" ಎಲ್ಲರಿಗೂ ಇಷ್ಟ. ಹೊತ್ತಲು ಎಷ್ಟು ಹೊತ್ತು ಬೇಕು ಎಂಬುದು ಮಾತ್ರ ಪುಡಿಯ ನಯ, ಹವೆಯ ಬಿಸಿಗೆ ತಕ್ಕಂತೆ ಬದಲಾಗುತ್ತದೆ. ಆಗಲಿಲ್ಲವಲ್ಲ ಅಂತ ಬಗ್ಗಿ ನೋಡುವವರ ಮುಖಕ್ಕೇ ಉರಿ ಏಳುತ್ತದೆ.

ಮಂತ್ರವಾದಿಗಳು ಕೊಯ್ದು ತೋರಿಸುವ, ರಕ್ತ ಸುರಿಸುವ ನಿಂಬೆಹಣ್ಣು ಸಾಕು. ಐದಾರು ಕೆಂಪು ದಾಸವಾಳದ ಎಸಳನ್ನು ಸ್ಟೀಲ್ ಚಾಕುವಿನ ಎರಡೂ ಬದಿಗೆ ಉಜ್ಜಿ ನೆರಳಲ್ಲಿ ಒಣಗಿಸಿ, ಹೀಗೆ ಮೂರು ಸಲ. ಒಂದೇ ಸಲ ಹಚ್ಚಿದರೆ ತಿಳಿ ಗುಲಾಬಿ ಬಂದು ನಿಲ್ಲುತ್ತದೆ. ಕಬ್ಬಿಣದ ಕತ್ತಿಯಾದರೆ ಬಣ್ಣ ಕಪ್ಪಿಡುತ್ತದೆ. ಹಣ್ಣು ತೆಳು ಸಿಪ್ಪೆಯದು, ರಸ ತುಂಬಿದ್ದು ಬೇಕು, ಏಕೆಂದರೆ ಹುಳಿ ತಾಗಿದರೇ ಎಸಳಿನ ಬಣ್ಣ ಕಡುಗೆಂಪಾಗುವುದು.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಇದರಿಂದ ಸಾಬೀತಾಗುವುದು "ಹೀಗೂ ಮಾಡಬಹುದು" ಎಂಬುದು ಮಾತ್ರ. "ಆ ಮಂತ್ರವಾದಿ ಹೀಗೇ ಮಾಡಿದ" ಅನ್ನಬೇಕಾದರೆ ಅವನ ಚಾಕು ನಮ್ಮ ಕೈಗೆ ಬಂದು, ತೊಳೆದು, ಅದೇ ಚಾಕುವಿನಲ್ಲಿ ಇನ್ನೊಂದು ಹಣ್ಣು ಕೊಯ್ಯಿಸಬೇಕು. ಈ ಅಂತರವನ್ನು ವೇದಿಕೆಯ ಮೇಲೇ ಹೇಳಿಬಿಡಿ.

ಕೊಯ್ಯುವವರು ಭಾಷಣಕಾರರು ಆಗಬಾರದು. ದಾಸವಾಳ ಹಚ್ಚಿದ್ದೊಂದು, ಹಚ್ಚದ್ದೊಂದು, ಎರಡು ಚಾಕು ಮೇಜಿನ ಮೇಲಿಟ್ಟು ಸಭೆಯಿಂದ ಇಬ್ಬರನ್ನು ಕರೆಯಿರಿ. ಒಂದು ಹಣ್ಣು ಕೆಂಪಾಗಿ ಇನ್ನೊಂದು ಆಗದಿದ್ದಾಗ ಕಾರಣವನ್ನು ಅವರೇ ಹುಡುಕಲಿ. ಹತ್ತು ನಿಮಿಷ ಬಿಡಿ, ನಡುವೆ ಬಾಯಿ ಹಾಕಬೇಡಿ.